ಹತ್ತಿಯ ತಕ್ಕಡಿ, ಕೂಸಿನ ಪೆಟ್ಟಿಗೆ

ಬಾಗಲಕೋಟೆಯ ಹತ್ತಿ ಪೇಟೆಗೆಂದು ಅಣ್ಣ-ತಂಗಿ ಕೂಡಿ ಮಾಡಿದ ಎಲೆಕ್ಟ್ರಾನಿಕ್ ತಕ್ಕಡಿಗೆ ತೂಕ-ಅಳತೆಯ ಸಾಹೇಬರು ಸೀಸದ ಮುದ್ರೆ ಒತ್ತುವಷ್ಟರಲ್ಲಿ ಇಬ್ಬರಿಗೂ ಸಾಕೋ ಸಾಕಾಗಿತ್ತು. ಅಂದಪ್ಪ ಒಳಗಿನ ಒಂದು ತಂತಿ ಬದಲಿಸಿದರೂ ಸರಿ, ತಂಗಿ ಗುರುಸಿದ್ದವ್ವ ಪ್ರೋಗ್ರಾಮಿನ ಒಂದು ಸಾಲು ತಿದ್ದಿದರೂ ಸರಿ, ಮುದ್ರೆ ಒಡೆದು ಮತ್ತೆ ಮೊದಲಿನಿಂದ ಪರೀಕ್ಷೆ. ಸಾಹೇಬರಿಗೆ ಅವಳು ಹಾಕದ ಶಾಪವಿಲ್ಲ.

ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಬೇಕೆಂದು ಇಳಕಲ್ಲಿನ ಒಂದು ಖಾಸಗಿ ದವಾಖಾನೆಯವರು ಕೇಳಿದಾಗ ಮಾತ್ರ ಹೇಳುವವರಿಲ್ಲ, ಕೇಳುವವರಿಲ್ಲ. ಕಾನೂನಿಗೆ ಹತ್ತಿಯ ಮೇಲಿದ್ದ ಅಕ್ಕರೆ ಕೂಸಿನ ಮೇಲಿರಲಿಲ್ಲ. ಮೊದಲ ಪೆಟ್ಟಿಗೆ ಹೋಗಿ ವಾರವಾಗಿತ್ತು.

ಎರಡನೆಯದನ್ನು ಕಟ್ಟಿ ಕಳಿಸುವ ಮುಂಚೆ ಗುರುಸಿದ್ದವ್ವ ಒಳಗೆ ಕೈಯಿಟ್ಟಳು. ಚುರ್ ಎಂದಿತು. ಪೆಟ್ಟಿಗೆಯ ಮುಂಭಾಗದ ಕೆಂಪು ಅಂಕಿ ಮಾತ್ರ ಮೂವತ್ತಾರು ಡಿಗ್ರಿ ಎನ್ನುತ್ತಿತ್ತು. ಜ್ವರ ನೋಡುವ ಕಡ್ಡಿ ಇಟ್ಟರೆ ಪಾದರಸ ತುದಿಗೇ ಏರಿತು. ಮುಚ್ಚಳ ಬಿಚ್ಚಿ ನೋಡಿದಳು: ಶಾಖ ಅಳೆಯುವ ಮಣಿಯೇ ಬೇರೆ ಇತ್ತು.

"ಅಣ್ಣಾ, ಈ ಮಣಿ ಯಾಕ ಬದಲ ಮಾಡಿದಿ?"

"ಹುಬ್ಬಳ್ಳ್ಯಾಗ ಹಳೇದು ಸಿಗಲಿಲ್ಲವ್ವಾ. ನೋಡಾಕ ಹಂಗ ಇತ್ತು, ಹಾಕಿದ್ನಿ."

"ನಾ ಪ್ರೋಗ್ರಾಂ ಬರದದ್ದು ಹಳೇ ಮಣಿಗಿ! ಬ್ಯಾರೇ ಮಣಿ ಹಾಕಿದ್ರ ಅಂಕಿ ತಪ್ಪ ತೋರಸ್ತೈತಿ. ಬಾಯಾಗ ಏನ್ ಇಟ್ಕೊಂಡಿದ್ದಿ, ಒಂದ್ ಮಾತ ಹೇಳಾಕ ಆಗಲಿಲ್ಲೇನು?"

"ತಕ್ಕಡಿ ಆದ್ರ ಸಾಹೇಬ್ರು ಕೇಳ್ತಿದ್ರು. ಇದನ್ನ ಯಾರ್ ಕೇಳ್ತಾರ?"

ಅವಳ ಮೈಯೆಲ್ಲ ಉರಿದುಹೋಯಿತು. ಒಡಹುಟ್ಟಿದವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅಷ್ಟರಲ್ಲಿ ಇನ್ನೊಂದು ಹೊಳೆಯಿತು.

"ಹೋದ ವಾರದ ಪೆಟಗ್ಯಾಗ ಯಾವ ಮಣಿ ಐತಿ?"

"ಅದರಾಗೂ ಇದ ಐತಿ," ಎಂದ ಅಂದಪ್ಪ.

ಅವಳು ಪಕ್ಕದ ಔಷಧಿ ಅಂಗಡಿಗೆ ಓಡಿ ಇಳಕಲ್ಲಿಗೆ ಟ್ರಂಕ್ ಕಾಲ್ ಹಚ್ಚಿದಳು. ಹಿಂದೆಯೇ ಬಂದು ನಿಂತ ಅಣ್ಣನನ್ನು, ಹಾಳು ಕಾನೂನನ್ನು, ಕೇಳುವವರಿಲ್ಲವೆಂದು ಮೊದಲ ಪೆಟ್ಟಿಗೆಯನ್ನು ಪರೀಕ್ಷಿಸದೆ ಕಳಿಸಿದ ತನ್ನನ್ನೂ ಬೈಯುತ್ತಲೇ ಕಾದಳು. ಕೊನೆಗೆ ನರ್ಸ್ ಸುಂದರವ್ವ ಫೋನಿಗೆ ಬಂದಳು.

"ಪೆಟಗ್ಯಾಗ ಕೂಸು ಐತೇನ್ರಿ?"

"ಐತ್ರಿ. ಹೆಣ್ಣಕೂಸು. ಮುಂಜಾನಿಂದ ಒಂದ ಸವನ ಅಳಾಕತ್ತಿತ್ತು, ಈಗ ಸುಮ್ಮನಾಗೇತ್ರಿ."

"ಹೊರಗ ತಗೀರಿ! ಈಗಿಂದೀಗ ತಗೀರಿ!"

"ಯಾಕ್ರಿ? ಮೂವತ್ತಾರ ತೋರಸಾಕತ್ತೈತಲ್ರಿ, ನಾ ಇಲ್ಲೇ ನೋಡಾಕತ್ತೇನಿ."

"ಅದನ್ನ ನಂಬಬ್ಯಾಡವ್ವಾ! ಅದರ ಪ್ರೋಗ್ರಾಂ ಬರದಾಕಿ ನಾನ ಹೇಳಾಕತ್ತೇನಿ, ಕೂಸಿನ ಮೈ ಮುಟ್ಟಿ ನೋಡು!"