ಓರೆ ಹಿಡಿದ ಕೊಳಲು

ದರ್ಜಿಯ ಮಗಳ ಮೇಲ್ದುಟಿ ನಡುವೆ ಹನಿಯಂತೆ ಕೆಳಕ್ಕಿಳಿದಿತ್ತು. ಕೊಳಲು ಊದಿದರೆ ಉಸಿರು ಅದಕ್ಕೆ ತಾಗಿ ಎರಡಾಗಿ ಸೀಳಿ, ಸ್ವರಕ್ಕಿಂತ ಬುಸುಗುಟ್ಟುವುದೇ ಹೆಚ್ಚಾಗುತ್ತಿತ್ತು.

"ನಿನ್ನ ತುಟಿ ಇದಕ್ಕೆ ಹೇಳಿ ಮಾಡಿಸಿದ್ದಲ್ಲಮ್ಮ, ಬೇರೆ ವಾದ್ಯ ನೋಡು," ಎಂದರು ಕೊಳಲು ಕಲಿಸುವ ಮೇಷ್ಟ್ರು.

ಮನೆಗೆ ಬಂದರೆ ಅಣ್ಣನದೂ ಕುಚೋದ್ಯ: "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಂದು ತುಟಿನೇ ಡೊಂಕು!"

ಅವಳು ಜಗ್ಗಲಿಲ್ಲ. ಕನ್ನಡಿಯ ಮುಂದೆ ನಿಂತು ಊದಿದಳು. ಗಾಜಿನ ಮೇಲೆ ಮಂಜಿನ ಎರಡು ಮಚ್ಚೆ ಮೂಡಿದವು. ಉಸಿರನ್ನು ತುಟಿಯ ಆ ಹನಿಯ ಎಡಬದಿಯಿಂದ ಬಿಟ್ಟಾಗ ಒಂದೇ ಮಚ್ಚೆ ಬಿತ್ತು. ಕೊಳಲನ್ನೂ ಅಷ್ಟೇ ಪಕ್ಕಕ್ಕೆ ಸರಿಸಿ ಓರೆ ಹಿಡಿದಳು. ಸ್ವರ ಗೆರೆ ಎಳೆದಂತೆ ನೆಟ್ಟಗೆ ಹೊರಟಿತು.

ಮರುವಾರ ಮೇಷ್ಟ್ರು ಗದರಿದರು: "ಕೊಳಲು ಓರೆಯಾಗಿದೆಯಲ್ಲ!"

"ಹೌದು ಸಾರ್. ಕಣ್ಣು ಮುಚ್ಚಿ ಕೇಳಿ."

ಕೇಳಿದರು. ಕಣ್ಣು ತೆರೆಯುವ ಗೋಜಿಗೇ ಹೋಗದೆ, "ಮುಂದಿನ ಪಾಠ ಶುರು ಮಾಡು," ಎಂದರು.