ಮೇಸ್ತ್ರಿ ಮಗಳ ಹೆಸರಿಗೆ ಮನೆ ಬರೆಯಲು ಹೊರಟಿದ್ದು

ಗಾರೆ ಮೇಸ್ತ್ರಿಗೆ ಒಂದು ಅಭ್ಯಾಸ. ಕಟ್ಟಿದ ಮನೆ ಮುಗಿದ ದಿನ ಬೀಗದ ಕೈಯನ್ನು ಮನೆಯವರ ಅಂಗೈಯಲ್ಲಿಟ್ಟು, “ಇನ್ನು ನಿಮ್ಮದು, ನಾನು ಬರ್ತೀನಿ” ಎಂದು ಕರಣೆ ತೊಳೆದುಕೊಂಡು ಹೊರಟುಬಿಡುವುದು. ಈಗ ತನ್ನ ಸ್ವಂತ ಮನೆಯನ್ನೂ ಹಾಗೇ ಮಗಳಿಗೆ ಕೊಟ್ಟುಬಿಡಬೇಕು ಅಂತ ಹಟ ಹಿಡಿದಿದ್ದ. ಮೇಸ್ತ್ರಿ ಹಟ ಹಿಡಿದರೆ ಮುಗಿಯಿತು. ಅವನು ಕಟ್ಟಿದ ಗೋಡೆಯನ್ನಾದರೂ ಕೆಡವಬಹುದು, ಅವನ ಮಾತನ್ನು ಕದಲಿಸಲು ಆಗುತ್ತಿರಲಿಲ್ಲ.

ಮನೆಯೇನು ಅರಮನೆಯಲ್ಲ. ಎರಡು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು. ಆದರೆ ರಜೆಯ ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೇ ಸೇರಿ ಏರಿಸಿದ ಮನೆ. ಅವಳು ಮರಳು ಜರಡಿ ಹಿಡಿದಳು, ನೀರು ಹೊತ್ತಳು, ಗೋಡೆ ನೆನೆಸಿದಳು. ಅವನು ಕಟ್ಟಿದ. ಪತ್ರ ಮಾತ್ರ ಅವನೊಬ್ಬನ ಹೆಸರಿನಲ್ಲಿತ್ತು. ಅದರ ಬಗ್ಗೆ ಯಾರೂ ಯೋಚಿಸಿರಲಿಲ್ಲ, ಅವಳು ಕೂಡ.

ಮಗಳು ಒಬ್ಬಳೇ. ಬೇರೆ ಊರಿನಲ್ಲಿ ಬಸ್ ಕಂಡಕ್ಟರ್. ಗಂಡನಿದ್ದಾನೆ, ಕೈಗೂಸಿದೆ. “ಗುರುತಿನ ಚೀಟಿ ತಗೊಂಡು ಒಂದು ದಿನದ ಮಟ್ಟಿಗೆ ಬಾ” ಎಂದು ಮೇಸ್ತ್ರಿ ಫೋನ್ ಮಾಡಿದ್ದ. ಬಂದವಳು ಯಾಕಪ್ಪ ಅಂದರೆ, “ಇವತ್ತಲ್ಲ ನಾಳೆ ನಿನಗೇ ತಾನೆ? ಆಮೇಲೆ ಕಚೇರಿ ಕಚೇರಿ ಅಲೆಯೋದು ತಪ್ಪುತ್ತೆ” ಎಂದು ಕೆಮ್ಮಿದ. ಹೆಂಡತಿ ಕೇಳಿದಾಗಲೂ ಅದೇ ಉತ್ತರ, ಅದೇ ಕೆಮ್ಮು. ಆ ಕೆಮ್ಮು ಹೋದ ಬೇಸಿಗೆಯಿಂದ ಇತ್ತು. ಸಿಮೆಂಟಿನ ಧೂಳು, ಹೋಗುತ್ತೆ ಬಿಡು ಅಂತ ಮನೆಯಲ್ಲಿ ತಲೆ ಕೆಡಿಸಿಕೊಂಡಿರಲಿಲ್ಲ.

ನೋಂದಣಿ ಕಚೇರಿಯ ಕಾಂಪೌಂಡಿಗೆ ಒತ್ತಿಕೊಂಡು ಒಂದು ಮೇಜು ಹಾಕಿ ಪತ್ರ ಬರೆಯುವ ಅಕ್ಕ ಕೂರುತ್ತಿದ್ದಳು. ಊರಿನವರ ಮನೆ, ಸೈಟು, ಜಗಳ ಎಲ್ಲವೂ ಅವಳ ಕೈಬರಹದಲ್ಲೇ ಆ ಬಾಗಿಲು ದಾಟಬೇಕು. ಬಾಯಿ ಜೋರು. ಮೇಸ್ತ್ರಿಯ ಹೆಂಡತಿಗೆ ಹಳೆಯ ಗೆಳತಿ. ಮೂವರೂ ಅವಳೆದುರು ಬೆಂಚಿನ ಮೇಲೆ ಕೂತರು.

“ಅಕ್ಕ, ಮನೆ ಮಗಳ ಹೆಸರಿಗೆ ಬರೀರಿ. ಇವತ್ತೇ ಆಗಬೇಕು,” ಅಂದ ಮೇಸ್ತ್ರಿ.

ಅಕ್ಕ ಹಳೆಯ ಪತ್ರ ಓದಿ ಮಡಿಚಿಟ್ಟಳು. ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

“ಬರೆಯೋಣ. ಪೂರ್ತಿ ಅವಳ ಹೆಸರಿಗೆ. ಸರಿ. ಈ ಕಾಗದದಲ್ಲಿ ಇವಳು ಎಲ್ಲಿ ಮಲಗೋದು ಮೇಸ್ತ್ರಿ?” ಎಂದು ಗೆಳತಿಯ ಕಡೆ ಕೈ ತೋರಿಸಿದಳು.

“ಇದೇನ್ ಮಾತು! ಹೆತ್ತ ಮಗಳು ಆಚೆ ಹಾಕ್ತಾಳಾ?”

ಮಗಳ ಮುಖ ಕೆಂಪಾಯಿತು. “ಅಪ್ಪ, ನಾನು ಕೇಳಿದ್ನಾ ಮನೇನ?”

“ನಿನ್ನ ಮೇಲೆ ದೂರಿಲ್ಲಮ್ಮ,” ಅಂದಳು ಅಕ್ಕ. “ನನ್ನ ಮಗನೂ ನನ್ನ ಆಚೆ ಹಾಕ್ಲಿಲ್ಲ. ಚಿನ್ನದಂಥ ಹುಡುಗ. ಅವನ ಹೆಸರಿಗೆ ಮನೆ ಬರೆದೆ. ಇದೇ ಮೇಜಿನ ಮೇಲೆ, ಈ ಕೈಯಲ್ಲೇ. ಊರಿಗೆಲ್ಲ ಬುದ್ಧಿ ಹೇಳೋಳು ನಾನು, ನನಗೆ ಹೇಳೋರು ಯಾರು? ಮೊದಲು ನಾನು ಹೋಗ್ತೀನಿ, ಅವನು ಆಮೇಲೆ ಅಂದ್ಕೊಂಡಿದ್ದೆ. ಎರಡೇ ವರ್ಷ. ಲಾರಿ ಬಂತು.”

ಅಕ್ಕನ ಮಗ ಹೋಗಿದ್ದು ಎಲ್ಲರಿಗೂ ಗೊತ್ತಿತ್ತು. ಮನೆಯ ವಿಷಯ ಗೊತ್ತಿರಲಿಲ್ಲ.

“ನನಗೆ ಮೂರರಲ್ಲೊಂದು ಪಾಲು ಉಳೀತು, ಮಿಕ್ಕಿದ್ದು ಸೊಸೆಗೆ, ಮೊಮ್ಮಗಳಿಗೆ ಹೋಯ್ತು. ಸೊಸೆ ಕೆಟ್ಟವಳಲ್ಲ. ‘ಇರಿ ಅತ್ತೆ, ಎಲ್ಲಿಗೆ ಹೋಗ್ತೀರಿ’ ಅಂತಾಳೆ. ಇದ್ದೀನಿ. ಆದ್ರೆ ಅದು ಮೂರನೇ ಮಹಡಿ, ನನ್ನ ಮೊಣಕಾಲು ಹೋಗಿದೆ. ಮಾರಿ ಕೆಳಗೆಲ್ಲಾದ್ರೂ ಒಂದು ಕೋಣೆ ತಗೊಳ್ಳೋಣ ಅಂದ್ರೆ ಮಗುವಿನ ಪಾಲಿದೆ, ಕೋರ್ಟು ಒಪ್ಪಬೇಕು. ಅರ್ಜಿ ಇನ್ನೂ ಅಲ್ಲೇ ಇದೆ. ದಿನಕ್ಕೆ ಒಂದು ಸಲ ಇಳೀತೀನಿ, ಒಂದು ಸಲ ಹತ್ತುತೀನಿ. ನಡುವೆ ಮೆಟ್ಟಿಲ ಮೇಲೆ ಕೂತು ಅಳ್ತೀನಿ. ಅದಕ್ಕೆ ಮಾತ್ರ ಯಾರ ಸಹೀನೂ ಬೇಡ.”

“ನಿಮಗಾಯ್ತು ಅಂತ ಎಲ್ಲರಿಗೂ ಆಗುತ್ತಾ?” ಮೇಸ್ತ್ರಿಯ ದನಿ ಇಳಿದಿತ್ತು.

“ಆಗದೇ ಇರ್ಲಿ. ಆದ್ರೂ ಬೇರೆಯವರಿಗೆ ಬೀಗದ ಕೈ ಕೊಟ್ಟು ನೀವು ನಿಮ್ಮ ಮನೆಗೆ ಬರ್ತೀರಿ. ನಿಮ್ಮದೇ ಕೊಟ್ಟ ಮೇಲೆ ಎಲ್ಲಿಗೆ ಬರ್ತೀರಿ? ಬೇಡ ಅನ್ನಿಸಿದ್ರೆ ಅಳಿಸೋಕೆ ಇದು ಸ್ಲೇಟಲ್ಲ. ಕೇಳಿ, ಮೊದಲು ಇವಳ ಹೆಸರು ನಿಮ್ಮ ಜೊತೆ ಸೇರಿಸಿ. ಆಮೇಲೆ ಇಬ್ಬರೂ ವಿಲ್ ಬರೀರಿ. ಒಬ್ಬರ ನಂತರ ಇನ್ನೊಬ್ಬರಿಗೆ, ಇಬ್ಬರ ನಂತರ ಮಗಳಿಗೆ. ವಿಲ್ಲನ್ನ ಬದುಕಿರೋವರೆಗೂ ಬದಲಾಯಿಸಬಹುದು. ಇಲ್ಲ, ಈಗಲೇ ಮಗಳಿಗೆ ಕೊಡ್ತೀನಿ ಅಂದ್ರೆ, ಇವಳು ಇರೋವರೆಗೂ ಇಲ್ಲೇ ವಾಸ ಅಂತ ಅದರಲ್ಲೇ ಬರೆಸಿ. ಬಾಯಿಮಾತು ಸಾಲದು. ವಕೀಲರಿಗೂ ಒಮ್ಮೆ ತೋರಿಸಿ. ಅವಸರ ಏನಿದೆ?”

“ಅವಸರ ಇದೆ,” ಅಂದುಬಿಟ್ಟ ಮೇಸ್ತ್ರಿ.

ಬಾಯಿ ಜಾರಿತ್ತು. ಹೆಂಡತಿ ಅವನ ಕಡೆ ತಿರುಗಿದಳು. “ಏನ್ರೀ ಅವಸರ?”

ಅವನು ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದು ಅವಳ ಮಡಿಲಲ್ಲಿಟ್ಟ. “ಧೂಳು ಎದೆಯೊಳಗೆ ಗಟ್ಟಿಯಾಗಿ ಕೂತಿದೆಯಂತೆ. ಇನ್ನು ತೆಗೆಯೋಕಾಗಲ್ಲವಂತೆ.”

“ಯಾವಾಗ ಹೇಳಿದ್ರು?”

“ಎರಡು ತಿಂಗಳಾಯ್ತು.”

ಅವಳು ಕೂಗಾಡಲಿಲ್ಲ. “ಎರಡು ತಿಂಗಳು ನನ್ನ ಪಕ್ಕದಲ್ಲೇ ಮಲಗಿದ್ರಿ,” ಅಂದಳು, ಅಷ್ಟೇ. ಮಗಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ಮೇಸ್ತ್ರಿಗೆ ನಾಚಿಕೆಯಾಯಿತು. ಹೆಂಡತಿ ಹೆದರುತ್ತಾಳೆ ಅಂತ ಮುಚ್ಚಿಟ್ಟಿದ್ದೀನಿ ಅಂದುಕೊಂಡಿದ್ದ. ಹೆದರಿದ್ದು ತಾನು. ಹೆದರಿಕೆಯಲ್ಲಿ ಮಗಳ ನೆನಪೊಂದೇ ಬಂದಿತ್ತು. ಮರಳು ಜರಡಿ ಹಿಡಿದವಳ ನೆನಪು ಬಂದಿರಲಿಲ್ಲ.

“ಅಕ್ಕ ಹೇಳಿದ ಹಾಗೇ ಮಾಡಪ್ಪ,” ಅಂದಳು ಮಗಳು ಕಣ್ಣೊರೆಸಿಕೊಂಡು. “ನನಗೆ ಅವಸರ ಇಲ್ಲ.”

ಮೇಸ್ತ್ರಿ ತಲೆಯಾಡಿಸಿದ. “ಬರೀರಿ ಅಕ್ಕ. ಮೊದಲು ಇವಳ ಹೆಸರು.”

ಅಕ್ಕ ವಕೀಲರಿಗೆ ತೋರಿಸಲು ಹೆಸರು ಸೇರಿಸುವ ಪತ್ರಕ್ಕೂ ವಿಲ್ಲಿಗೂ ಕರಡು ಬರೆದಳು. ಮುಗಿದ ಮೇಲೆ ಮಡಿಚಲು ಹೋದರೆ ಹೆಂಡತಿ ಬಿಡಲಿಲ್ಲ. “ಜೋರಾಗಿ ಓದು. ಇವರು ಪಕ್ಕದಲ್ಲಿ ಕೂತಿರುವಾಗಲೇ ನಾನು ಕೇಳಬೇಕು.”

ಅಕ್ಕ ಓದಿದಳು. ‘ನನ್ನ ನಂತರ’ ಎಂಬ ಮಾತು ಮೂರು ಸಲ ಬಂತು. ಮೊದಲ ಸಲ ಮೇಸ್ತ್ರಿ ತಲೆ ತಗ್ಗಿಸಿದ. ಎರಡನೇ ಸಲ ಹೆಂಡತಿ ಅವನ ಶರ್ಟಿನ ತೋಳು ಹಿಡಿದಳು. ಮೂರನೇ ಸಲ ಬರುವಷ್ಟರಲ್ಲಿ ಅಕ್ಕನ ಜೋರು ಬಾಯಿಯೂ ಸೋತಿತ್ತು. ಆ ಸಾಲನ್ನು ಮೇಸ್ತ್ರಿಯೇ ಓದಿ ಮುಗಿಸಿದ.

ಕೇಳುತ್ತಿರುವವರೇ, ನಿಮ್ಮ ಮನೆಯ ಪತ್ರ ಪೆಟ್ಟಿಗೆಯಲ್ಲಿದೆಯೋ, ಬೀರುವಿನಲ್ಲಿದೆಯೋ, ಇವತ್ತೇ ತೆಗೆದು ನೋಡಿ. ಯಾರ ಹೆಸರಿದೆ, ಯಾರದು ಬಿಟ್ಟುಹೋಗಿದೆ? ಬೆಳೆದ ಮಕ್ಕಳ ಹೆಸರು ಸೇರಿಸುವುದು ತಪ್ಪಲ್ಲ. ಆದರೆ ಸೇರಿಸಿದ ಹೆಸರನ್ನು ತೆಗೆಯುವುದು ಸುಲಭವಲ್ಲ, ಯಾರು ಮೊದಲು ಹೋಗುತ್ತಾರೆಂದು ಯಾರಿಗೂ ಗೊತ್ತಿಲ್ಲ. ಸಹಿ ಹಾಕುವ ಮೊದಲು ಕಾನೂನು ಬಲ್ಲವರನ್ನು ಕೇಳಿ. ಅದಕ್ಕೂ ಮೊದಲು ಮನೆಯವರನ್ನೆಲ್ಲ ಎದುರು ಕೂರಿಸಿಕೊಂಡು ಮಾತಾಡಿ. ಬಾಯಿಗೆ ಬಾರದ ಆ ಮಾತನ್ನೂ ಆಡಿ. ಮೇಸ್ತ್ರಿಯ ಹಾಗೆ ಎರಡು ತಿಂಗಳು ಕಳೆಯಬೇಡಿ. ಅವನಿಗೆ ಉಳಿದಿದ್ದೇ ಕೆಲವು ತಿಂಗಳು.