ಅಪ್ಪನ ದನಿಗೊಂದು ಮೈಕು

ಗುಂಯ್ ಅನ್ನುತ್ತಿದೆ, ಇನ್ನೂ ಅನ್ನುತ್ತಿದೆ, ಹೆಡ್‌ಫೋನಿನ ಎಡಗಡೆಯಿಂದ, ಇಲ್ಲ, ಎರಡೂ ಕಡೆಯಿಂದ, ಸೊಳ್ಳೆಯಲ್ಲ ಇದು, ಪಕ್ಕದ ಮನೆ ಇಂದ್ರಮ್ಮನವರ ಮಿಕ್ಸಿಯೂ ಅಲ್ಲ, ನನ್ನ ಮೈಕಿನದೇ ಗುಂಯ್, ನಿನ್ನೆ ಇರಲಿಲ್ಲ, ಇವತ್ತು ಎದ್ದು ನೋಡಿದರೆ ಬಂದು ಕೂತಿದೆ ದರಿದ್ರದ್ದು — ಎಲ್ಲೋ ಒಂದು ಬೆಸುಗೆ ಬಿಟ್ಟಿದೆ, ಯಾವುದು, ಇದಾ, ಮುಟ್ಟಬೇಡ ಶಿವಾನಿ, ಮೊದಲು ಪ್ಲಗ್ ಕೀಳು, ಒಳಗಿರುವುದು ನೂರಕ್ಕೂ ಮೇಲಿನ ವೋಲ್ಟು, ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ದಿನಾ ಹುಡುಗರಿಗೆ ಬಯ್ಯುತ್ತೀಯಲ್ಲ ಕಣ್ಣೆಲ್ಲಿಟ್ಟಿದ್ದೀರೋ ಅಂತ, ಈಗ ನಿನ್ನ ಕಣ್ಣೆಲ್ಲಿದೆ, ಗಡಿಯಾರದ ಮೇಲೆ. ಆಟೋ ಬರುತ್ತದೆ. ಹನ್ನೊಂದಕ್ಕೆ ಬಾ ಅಂದರೆ ಹತ್ತೂವರೆಗೇ ಬಂದು ಹಾರನ್ ಹೊಡೆಯುವ ಆಸಾಮಿ ಆ ಪುಟ್ಟಮಾದಯ್ಯ. ಇವತ್ತು ಅಪ್ಪನನ್ನು ಆಸ್ಪತ್ರೆಗೆ ಸೇರಿಸಬೇಕು, ನಾಳೆ ಬೆಳಿಗ್ಗೆ ಅವರ ಗಂಟಲಿನ ದನಿಪೆಟ್ಟಿಗೆಯನ್ನೇ ತೆಗೆದುಬಿಡುತ್ತಾರೆ, ಗಡ್ಡೆ ಅಲ್ಲೇ ಕೂತಿದೆ, ಬೇರೆ ದಾರಿಯಿಲ್ಲ, ಆಮೇಲೆ ಮಾತಿಲ್ಲ, ಹಾಡಿಲ್ಲ, ಲೇ ಶಿವೂ ಅಂತ ಕೂಗುವುದಿಲ್ಲ. ಅಷ್ಟರೊಳಗೆ ಒಂದು ಹಾಡು, ಒಂದೇ ಒಂದು, ಈ ಮೈಕಿನಲ್ಲಿ ಹಿಡಿದುಬಿಡಬೇಕು. ಗುಂಯ್ ಅಂತೆ ಗುಂಯ್.

ಮಾಮೂಲಿ ಪ್ಲಾಸ್ಟಿಕ್ ಮೈಕು ಸಾಕಾಗುತ್ತಿರಲಿಲ್ಲವಾ, ಇಲ್ಲ, ಲ್ಯಾಬಿನದು ತಂದು ನೋಡಿ ವಾಪಸು ಕೊಟ್ಟೆ ತಾನೇ, ಅಪ್ಪನ ದನಿ ಅದರಲ್ಲಿ ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳಿತ್ತು, ಅವರದು ಈಗ ಪಿಸುಮಾತಿಗಿಂತ ಒಂದು ಕೂದಲು ಮೇಲೆ, ಅಷ್ಟನ್ನು ಹಿಡಿಯಲು ವಾಲ್ವಿನ ಕಂಡೆನ್ಸರ್ ಮೈಕೇ ಆಗಬೇಕು — ಮುಂದೆ ಚಿನ್ನ ಲೇಪಿಸಿದ ತೆಳ್ಳನೆಯ ಪೊರೆ, ಎದುರು ನಿಂತು ಉಸಿರಾಡಿದರೂ ಅಲುಗುತ್ತದೆ, ಹಿಂದಿರುವ ವಾಲ್ವು, ಬಲ್ಬಿನಂಥ ಗಾಜಿನ ಬುರುಡೆ, ಆ ಅಲುಗಾಟವನ್ನು ದೊಡ್ಡದು ಮಾಡುತ್ತದೆ. ಪೊರೆಯನ್ನು ಅವರಿವರ ಕೈಕಾಲು ಹಿಡಿದು ಹೊರದೇಶದಿಂದ ತರಿಸಿದ್ದಾಯಿತು. ವಾಲ್ವು ಅಪ್ಪನದೇ, ಚಾಮರಾಜಪುರಂನ ಅವರ ಪಾತ್ರೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಇರುತ್ತಿದ್ದ ಹಳೇ ರೇಡಿಯೋದ್ದು, ಕಿತ್ಕೋ ಕಿತ್ಕೋ ಅಂತ ಕೈಸನ್ನೆ ಮಾಡಿದರು, ಮುಖದಲ್ಲಿ ಎಷ್ಟು ಸಂಭ್ರಮ. ಮೈಕಿನ ಮೈ ಅದೇ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಹಿತ್ತಾಳೆ ಲೋಟ. ಮೂತಿಗೆ ಕಾಫಿ ಸೋಸುವ ಜಾಲರಿ, ಅದಕ್ಕಾಗಿ ಅವ್ವ ಅಡುಗೆಮನೆಯೆಲ್ಲ ಹುಡುಕಿದ್ದೂ ಹುಡುಕಿದ್ದೇ, ನನ್ನ ಸೋಸೋದು ಎಲ್ಲೋಯ್ತೇ, ನಿನ್ನ ಮೈಕಿಗೆ ಬೆಂಕಿ ಆಕ, ಕಾಫಿ ಗಸಿ ಸಮೇತ ಕುಡೀಬೇಕೇನೇ ನಾವು. ಶಿವರಾತ್ರಿ ಮುಗಿದಾಗಿನಿಂದ ಅಪ್ಪ ಮಾತು ಬಿಟ್ಟಿದ್ದಾರೆ, ಈ ಒಂದು ಹಾಡಿಗಾಗಿ ದನಿ ಕೂಡಿಡುತ್ತಿದ್ದಾರೆ, ಅಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದ, ನನಗೆ ಜ್ವರ ಬಂದಾಗಲೆಲ್ಲ ಅಪ್ಪ ಹಾಡುತ್ತಿದ್ದದ್ದೂ ಅದೇ, ಪದ ನನಗೂ ಬರುತ್ತದೆ ಆದರೆ ಆ ಎಳೆತ, ಕೊನೆಗೆ ದನಿ ಇಳಿಸಿ ತಡೆಯುವ ಆ ರೀತಿ, ಅದು ಇನ್ಯಾರಿಗೂ ಬರುವುದಿಲ್ಲ, ಎರಡು ಸಲ ಹಾಡುವಷ್ಟು ದನಿ ಅವರಲ್ಲಿ ಉಳಿದಿಲ್ಲ, ತಪ್ಪಿದರೆ ತಪ್ಪಿತು — ಅಯ್ಯೋ, ಇಲ್ಲಿದೆ ನೋಡು, ಇದೇ ತಂತಿ, ಬುಡದಲ್ಲಿ ಅಲುಗಾಡುತ್ತಿದೆ. ಬೆಸುಗೆ ಕಡ್ಡಿ ಎಲ್ಲಿ, ಸೀಸ ಎಲ್ಲಿ, ಚುಯ್ ಅಂತು, ಪ್ಲಗ್ ಹಾಕು, ವಾಲ್ವು ಕೆಂಪಗಾಗಲಿ, ತಾಳು, ತಾಳು. ಗುಂಯ್ ಇಲ್ಲ. ನಿಜವಾಗಿಯೂ ಇಲ್ಲ. ನನಗೆ ಅಳು ಬರುತ್ತಿದೆ, ಈಗಲ್ಲ, ಆಮೇಲೆ ಅಳೋಣ.

ಕಿಟಕಿ ಹಾಕಬೇಕು, ಫ್ಯಾನ್ ನಿಲ್ಲಿಸಬೇಕು, ಕಾಂಪೌಂಡಿನಾಚೆ ತಲೆ ಹಾಕಿ ಇಂದ್ರಮ್ಮನವರೇ ಸ್ವಲ್ಪ ಹೊತ್ತು ಮಿಕ್ಸಿ ಹಾಕ್ಬೇಡಿ ಅಂದರೆ ಅವರು, ಅಪ್ಪನ್ ಹಾಡಾ ಶಿವಾನಿ, ಹಾಡಿಸಮ್ಮ ಹಾಡಿಸು, ನಾನು ನೀರೂ ಹಿಡಿಯಲ್ಲ, ಅಂದುಬಿಟ್ಟರು, ಒಳ್ಳೆಯವರು, ಇನ್ನು ಆ ನಂಜನಗೂಡಿನ ರೈಲು ಹಾಡಿನ ನಡುವೆ ಕೂಗದಿದ್ದರೆ ಸಾಕಪ್ಪ ಶಿವನೇ, ಅಂತ ಒಳಗೆ ಬಂದರೆ — ಬೆಳ್ಳಗೆ. ಮೈಕಿನ ಮೂತಿಯ ಮೇಲೆ ಬೆಳ್ಳಗೆ ಮೂರು ಪಟ್ಟೆ. ವಿಭೂತಿ. ಅಡಿಯಲ್ಲೊಂದು ದಾಸವಾಳ. ಅವ್ವ ಕೈಮುಗಿದು ನಿಂತಿದ್ದಾಳೆ. ಏನವ್ವಾ ಇದು, ಏನು ಮಾಡಿಟ್ಟೆ ಅಂದರೆ ಅವಳು ನಿರಾಳವಾಗಿ, ಹೊಸ ಯಂತ್ರ ಕಣೇ, ಪೂಜೆ ಇಲ್ದೆ ಶುರು ಮಾಡ್ತಾರಾ, ನಿಮ್ಮಪ್ಪನ ಗಂಟಲಿನ ವಿಚಾರ ಇದು, ಒದ್ದೆ ಕೈಲಿ ಮುಟ್ಬೇಡ ಅಂತ ನೀನೇ ಹೇಳಿದ್ದಲ್ಲ, ಅದಕ್ಕೇ ನೀರು ಮುಟ್ಟಿಸ್ದೆ ಒಣ ವಿಭೂತಿ ಅಚ್ಚಿವ್ನಿ ಬುಡು. ಒಣ ವಿಭೂತಿ! ನೀರಲ್ಲಿ ಕಲಸಿ ಹಚ್ಚಿದ್ದರೆ ಜಾಲರಿಗೆ ಅಂಟಿಕೊಂಡು ಅಲ್ಲೇ ಒಣಗುತ್ತಿತ್ತು, ಒಣದ್ದು ಉದುರುತ್ತದೆ, ತೂತಿನಿಂದ ಒಳಗೆ, ನೇರ ಆ ಪೊರೆಯ ಮೇಲೆ. ನನ್ನ ಮಾತು ಕೇಳಿಯೇ ಕೆಡಿಸಿದ್ದಾಳೆ, ಯಾರಿಗೆ ಬಯ್ಯಲಿ. ಹೆಡ್‌ಫೋನ್ ಹಾಕಿಕೊಂಡೆ, ಸಣ್ಣಗೆ ಚಿಟ್, ಚಿಟ್, ಅಷ್ಟೇ, ಇನ್ನೂ ಜೀವ ಇದೆ, ನಾಯಿಬಾಲದ ಹಾಗೆ ಮೆತ್ತಗಿರುವ ಆ ಪೇಂಟ್ ಬ್ರಷ್ಷು ಎಲ್ಲಿಟ್ಟೆ, ತಲೆಕೆಳಗು ಮಾಡಿ ನಿಧಾನವಾಗಿ ಗುಡಿಸಿದರೆ ಉದುರೀತು, ಗುಡಿಸುವ ಹೊತ್ತಿಗೆ ಆಟೋ ಬಂದರೆ, ಬರಲಿ, ಕಾಯಲಿ, ಈ ಬ್ರಷ್ಷು ಎಲ್ಲಿ ಸತ್ತಿತು.

ಅಷ್ಟರಲ್ಲಿ ಅಪ್ಪ ಬಂದರು. ಇಸ್ತ್ರಿ ಮಾಡಿದ ಪಂಚೆ, ಹೆಗಲ ಮೇಲೆ ಟವೆಲ್ಲು, ಯಾವುದೋ ಸಭೆಗೆ ಹೊರಟ ಹಾಗೆ. ನಾನು ಕ್ಯಾಸೆಟ್ ಡೆಕ್ಕಿನ ರೆಕಾರ್ಡ್ ಗುಂಡಿ ಒತ್ತಿ ನೋಡುತ್ತಿದ್ದೆ, ಚಿಟ್ ಎಷ್ಟು ಬೀಳುತ್ತದೆ ಅಂತ, ಒಂದು ಕೈ ಹಿಂದೆ ಶೆಲ್ಫಿನಲ್ಲಿ ಬ್ರಷ್ ತಡಕಾಡುತ್ತಿತ್ತು. ಅಪ್ಪ ಕುರ್ಚಿಯಲ್ಲಿ ಕೂತರು, ಮೂರು ಪಟ್ಟೆ ನೋಡಿದರು, ಅವ್ವನ ಕಡೆ ನೋಡಿ ನಕ್ಕರು, ಹಿತ್ತಾಳೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದರು — ಅಂಗಡಿಯಲ್ಲಿ ಯಾವ ಪಾತ್ರೆಯನ್ನೂ ಧೂಳು ಊದದೆ, ಟವೆಲ್ಲಿನಲ್ಲಿ ಒರೆಸದೆ ಗಿರಾಕಿಯ ಕೈಗೆ ಕೊಟ್ಟವರಲ್ಲ — ಅಪ್ಪಾ ಬೇಡ ಅನ್ನುವಷ್ಟರಲ್ಲಿ ಅವರ ತುಟಿ ದುಂಡಗಾಯಿತು. ಉಫ್. ಕಿವಿಯೊಳಗೆ ಬಿರುಗಾಳಿ ನುಗ್ಗಿತು, ಹಿಂದೆಯೇ ಚಟಪಟ, ಬಾಣಲೆಗೆ ಸಾಸಿವೆ ಹಾಕಿದ ಹಾಗೆ, ಆಮೇಲೆ ಏನೂ ಇಲ್ಲ. ಏನೂ ಇಲ್ಲ. ಉಸಿರಿನ ತೇವಕ್ಕೆ ಬೂದಿಯೆಲ್ಲ ಪೊರೆಗೆ ಮೆತ್ತಿಕೊಂಡಿತು, ಇನ್ನು ಬಿಚ್ಚಬೇಕು, ಒಣಗಿಸಬೇಕು, ಅರ್ಧ ದಿನದ ಕೆಲಸ, ನಿಲ್ಲಿ ಅನ್ನಬೇಕು, ಬಾಯಿ ತೆರೆದೆ, ಅಪ್ಪ ಆಗಲೇ ಕಣ್ಣು ಮುಚ್ಚಿ ಶುರು ಮಾಡಿಬಿಟ್ಟಿದ್ದರು. ಹಾಡುತ್ತಿದ್ದಾರೆ. ಬಿರುಕು ಬಿಟ್ಟ ದನಿ, ಆದರೆ ಅದೇ ಎಳೆತ, ಅದೇ. ನಿಲ್ಲಿಸಲಾ. ನಿಲ್ಲಿಸಿದರೆ ಮತ್ತೆ ಯಾವ ದನಿಯಲ್ಲಿ ಹಾಡುತ್ತಾರೆ. ದನಿಗೆ ತಕ್ಕಂತೆ ಏಳಬೇಕಾದ ಡೆಕ್ಕಿನ ಮುಳ್ಳು ಮಲಗಿದೆ, ಏಳುತ್ತಿಲ್ಲ, ಏಳೇ ಮುಂಡೇದೇ ಏಳು, ಅಪ್ಪ ಒಂದು ಸಲ ಕಣ್ಣು ತೆರೆದು ಹುಬ್ಬು ಹಾರಿಸಿದರು, ಬರ್ತಿದೆಯಾ ಅಂತ, ನಾನು ತಲೆಯಾಡಿಸಿದೆ, ಜೋರಾಗಿ ಆಡಿಸಿದೆ. ಹೆಡ್‌ಫೋನಿನ ಒಂದು ಕಿವಿ ಸರಿಸಿ ಬರೀ ಕಿವಿಯಲ್ಲಿ ಕೇಳಿದೆ, ಒಂದಕ್ಷರ ಬಿಡದೆ ಕೇಳಬೇಕು ಅಂದುಕೊಂಡಷ್ಟೂ ಏನೂ ಕೇಳುತ್ತಿಲ್ಲ, ಆ ದುಂಡಗಾದ ತುಟಿಯೇ ಕಣ್ಣಿಗೆ ಕಟ್ಟಿ ಕೂತಿದೆ. ಕೊನೆಗೆ ದನಿ ಇಳಿಸಿ ತಡೆದರು. ಮುಗಿಯಿತು. ಬಂತಾ ಶಿವೂ, ಗಾಳಿಯಷ್ಟೇ ಇತ್ತು ಆ ಮಾತಿನಲ್ಲಿ. ಬಂತು ಅಪ್ಪಾ, ಚೆನ್ನಾಗಿ ಬಂತು. ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡು, ನೋಡ್ದಾ, ವಿಭೂತಿ ಅಚ್ಚಿದ್ದು ಒಳ್ಳೇದೇ ಆಯ್ತು ಕಣೇ ಅಂದಳು.

ಹಾರನ್. ಬಂದುಬಿಟ್ಟ ಪುಟ್ಟಮಾದಯ್ಯ. ಅವರಿಬ್ಬರೂ ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ, ಅವ್ವ ಫ್ಲಾಸ್ಕು ಎಲ್ಲಿ ಅನ್ನುತ್ತಿದ್ದಾಳೆ, ನಾನು ಕ್ಯಾಸೆಟ್ ಹಿಂದಕ್ಕೆ ತಿರುಗಿಸುತ್ತಿದ್ದೇನೆ, ಹುಚ್ಚಿ, ಏನಾದರೂ ಇದ್ದೀತು, ಎಲ್ಲೋ ಒಂದು ಸಾಲು, ಅರ್ಧ ಸಾಲು. ಚಿಟ್, ಚಿಟ್. ಕುರ್ಚಿ ಕಿರುಗುಟ್ಟಿತು. ಉಫ್. ಚಟಪಟ. ಆಮೇಲೆ ಬರೀ ಟೇಪಿನ ಸದ್ದು, ಹಾಡಿನಷ್ಟು ಉದ್ದಕ್ಕೂ ಬರೀ ಟೇಪಿನ ಸದ್ದು. ಮತ್ತೆ ತಿರುಗಿಸಿದೆ. ಉಫ್. ಎಷ್ಟು ಹತ್ತಿರ, ಕೆನ್ನೆಯ ಮೇಲೆ ಊದಿದ ಹಾಗೆ, ಹಲ್ಲಿನ ಸಂದಿಯಿಂದ ಬಂದ ಸಣ್ಣ ಸಿಳ್ಳೆಯೂ ಸಿಕ್ಕಿದೆ, ಮೈಕು ಇಷ್ಟು ಚೆನ್ನಾಗಿತ್ತಾ. ಡಾಕ್ಟರು ಹಾಳೆಯ ಮೇಲೆ ಕುತ್ತಿಗೆ ಬರೆದು ಅದರಲ್ಲೊಂದು ತೂತು ಬರೆದಿದ್ದರು, ನಾನು ಆ ಹಾಳೆ ನೋಡದೆ ಕಿಟಕಿ ನೋಡಿದ್ದೆ, ಆದರೂ ಕಿವಿಗೆ ಬಿದ್ದಿತ್ತು — ಇನ್ಮೇಲೆ ಉಸಿರೆಲ್ಲ ಇಲ್ಲಿಂದಾನೇ ಕಣಮ್ಮ, ಬಾಯಿಂದ ಗಾಳಿ ಬರಲ್ಲ, ಬಿಸಿ ಕಾಫಿ ಊದಿ ಕುಡಿಯೋಕೂ ಆಗಲ್ಲ ಅವರಿಗೆ. ಬಾರೇ ಶಿವೂ, ಅವ್ವ ಗೇಟಿನಿಂದ, ಬಂದೆ ಅವ್ವಾ, ಬಂದೆ — ಹಿಂದಕ್ಕೆ. ದುಂಡಗಾದ ತುಟಿ. ಉಫ್. ಹಿಂದಕ್ಕೆ. ಅಪ್ಪನ ತುಟಿ ದುಂಡಗಾಗುತ್ತಿದೆ, ದುಂಡಗಾಗಿದೆ —